ಉಜ್ಜು, ಕೀಳಬೇಡ

ಬ್ಲೇಡು ಸಿಲಿಕಾನ್ ಪಟ್ಟಿಯೊಳಗೆ ಸಲೀಸಾಗಿ ಇಳಿಯಿತು. ಆಕೆ ಅದನ್ನು ಸ್ನಾನದ ಮನೆಯ ಗೋಡೆಯುದ್ದಕ್ಕೂ ಎಳೆದಳು. ಗಂಡ ಕೆಲಸದಿಂದ ಬರುವಷ್ಟರಲ್ಲಿ ಆ ಸಂದಿಯ ಹಿಂದೆ ಏನಿದೆಯೆಂದು ತಿಳಿಯಲೇಬೇಕು. ಏನಾದರೂ ಸಿಕ್ಕಿದರೆ ನೇರ ಅಕ್ಕನ ಮನೆಗೆ. ಬಟ್ಟೆ ತುಂಬಿದ ಚೀಲ ಆಗಲೇ ಬಾಗಿಲ ಹತ್ತಿರ ಇತ್ತು.

ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅದು ಬರೀ ಬೂಷ್ಟು. ಶವರಿನ ಕೆಳಗೆ, ಗೋಡೆಯೂ ನೆಲವೂ ಕೂಡುವ ಸಂದಿಗೆ ನೀರಿಳಿಯದಂತೆ ಬಳಿದ ಬಿಳಿ ಸಿಲಿಕಾನ್ ಅಂಟಿನ ಮೇಲೆ ಕಪ್ಪು ಕಲೆ. ಯಾವ ಸ್ನಾನದ ಮನೆಯಲ್ಲಿ ಇರುವುದಿಲ್ಲ? ಬ್ಲೀಚಿನಲ್ಲಿ ಅದ್ದಿದ ಹತ್ತಿ ಹೊದಿಸಿಟ್ಟು, ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದಳು. ಪಟ್ಟಿಯೆಲ್ಲ ಬೆಳ್ಳಗಾಯಿತು. ಮೂಲೆಯ ಹತ್ತಿರ ಸಾಲಾಗಿದ್ದ ನಾಲ್ಕು ಸಣ್ಣ ಕುಳಿಗಳಲ್ಲಿ ಮಾತ್ರ ಕಪ್ಪು ಜಪ್ಪಯ್ಯ ಎಂದರೂ ಬಿಡಲಿಲ್ಲ. ಎಷ್ಟು ಉಜ್ಜಿದರೂ ಮತ್ತೆ ಅಲ್ಲಿಂದಲೇ ಹೊರಡುತ್ತಿತ್ತು.

“ಇದನ್ನ ಕಿತ್ತು ಹೊಸದು ಹಾಕಿಸೋಣ ರೀ. ಹಾಕಿದೋನು ಯಾರೋ ಅಡ್ಡಕಸಬಿ,” ಎಂದಳು ಒಂದು ದಿನ.

ಗಂಡನ ಮುಖ ಸಪ್ಪಗಾಯಿತು. “ಹಾಕಿದ್ದು ನಾನೇ. ಉಜ್ಜು, ಬೇಡ ಅನ್ನಲ್ಲ. ಕೀಳಬೇಡ.”

ಇರುವೆ ಕಂಡರೂ ಕಾಲು ಸರಿಸಿ ನಡೆಯುವ ಮನುಷ್ಯ. ಅಂಥವನ ದನಿ ಅಂದು ಬೇರೆಯೇ ಇತ್ತು. ಅವಳು ಮತ್ತೆ ಬ್ರಷ್ಷು ಎತ್ತಿಕೊಂಡಳು.

ಉಜ್ಜುತ್ತಲೇ ಇರುತ್ತಿದ್ದಳೇನೋ, ಪಕ್ಕದ ಮನೆಯ ಅಜ್ಜಿ ಗೇಟಿನ ಬಳಿ ತಡೆದು ನಿಲ್ಲಿಸದಿದ್ದರೆ. “ಆ ಸಾವಾದ ಮೇಲೆ ನಿನ್ನ ಗಂಡ ನಕ್ಕಿದ್ದನ್ನೇ ನಾನು ನೋಡಿರಲಿಲ್ಲ ಕಣಮ್ಮ. ನೀನು ಬಂದಿದ್ದು ಒಳ್ಳೇದಾಯ್ತು.”

ಯಾವ ಸಾವು? ಮೊದಲ ಹೆಂಡತಿ ಬಿಟ್ಟುಹೋದಳು ಎಂದಲ್ಲವೇ ಅವನು ಹೇಳಿದ್ದು? ಅದೂ ಒಂದೇ ಮಾತಿನಲ್ಲಿ: “ಅವಳಿಗೆ ಈ ಮನೇಲಿ ಇರೋಕಾಗಲಿಲ್ಲ, ಹೋದಳು.” ಅಜ್ಜಿಯನ್ನು ಕೇಳಬಹುದಿತ್ತು, ಗಂಡನನ್ನೂ ಕೇಳಬಹುದಿತ್ತು. ಉತ್ತರಕ್ಕೆ ಹೆದರಿ ಯಾರನ್ನೂ ಕೇಳಲಿಲ್ಲ.

ಅಂದಿನಿಂದ ಶವರಿನ ಕೆಳಗೆ ನಿಂತರೆ ಮೂಲೆಯಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಂತೆ. ಸೋಪಿನ ನೀರಿಗೆ ಉರಿದರೂ ಕಣ್ಣು ಮುಚ್ಚುತ್ತಿರಲಿಲ್ಲ.

ಹೋದ ಭಾನುವಾರ ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಗಂಡ ನೆಲಕ್ಕೆ ಮಂಡಿಯೂರಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಆ ಕುಳಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.

“ಯಾರ ಹತ್ತಿರ ಮಾತಾಡ್ತಿದ್ದೀರಿ?”

ಬೆಚ್ಚಿಬಿದ್ದ. “ಯಾರೂ ಇಲ್ಲ,” ಎಂದು ಕಡ್ಡಿಯನ್ನು ಮುಷ್ಟಿಯೊಳಗೆ ಅಡಗಿಸಿದ.

ಅಕ್ಕ ಫೋನಿನಲ್ಲಿ ಎಲ್ಲ ಕೇಳಿ ಒಂದೇ ಮಾತು ಹೇಳಿದಳು: “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು. ಅದನ್ನ ಕಿತ್ತು ನೋಡೇ. ಏನಾದ್ರೂ ಕಂಡರೆ ಒಂದು ಗಳಿಗೆ ಅಲ್ಲಿರಬೇಡ.”

ಈಗ ಪಟ್ಟಿ ಉದ್ದಕ್ಕೂ ಕಿತ್ತು ಬಂತು. ಸಂದಿಗೆ ಟಾರ್ಚು ಬಿಟ್ಟಳು. ಸ್ಕ್ರೂ ಡ್ರೈವರಿನಿಂದ ಕೆದಕಿದಳು. ಸಿಮೆಂಟು, ಬರೀ ಸಿಮೆಂಟು. ಒಂದು ಕೂದಲೆಳೆಯೂ ಇಲ್ಲ. ಬೆಟ್ಟ ಅಗೆದರೆ ಇಲಿಯೂ ಸಿಗಲಿಲ್ಲವಲ್ಲ ಎಂದು ನಗು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು. ಅನುಮಾನಪಟ್ಟದ್ದು ಎಂಥ ಮನುಷ್ಯನನ್ನು! ಪಟ್ಟಿಯನ್ನು ಚೂರುಚೂರು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಚೀಲದ ಬಟ್ಟೆಗಳನ್ನೆಲ್ಲ ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಈ ಮನೆಯಲ್ಲಿ ನೆಮ್ಮದಿಯಿಂದ ಬಾಳಬಹುದು ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು.

ಸಂಜೆ ಗಂಡ ಕೈಕಾಲು ತೊಳೆಯಲು ಹೋದ. ಬಹಳ ಹೊತ್ತು ನೀರಿನ ಸದ್ದೇ ಕೇಳಲಿಲ್ಲ. ಆಮೇಲೆ ನೆಟ್ಟಗೆ ಅಡುಗೆಮನೆಗೆ ಬಂದು ಕಸದ ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿದ. ತರಕಾರಿ ಸಿಪ್ಪೆಯ ನಡುವಿನಿಂದ ಚೂರುಗಳನ್ನು ಹೆಕ್ಕಿ, ಒಂದರ ಪಕ್ಕ ಒಂದಿಟ್ಟು ಜೋಡಿಸಿದ. ನಾಲ್ಕು ಕುಳಿಗಳು ಮತ್ತೆ ಸಾಲಾಗಿ ಬಂದವು. ಅವುಗಳ ಮೇಲೆ ತನ್ನ ಬೆರಳುಗಳನ್ನಿಡಲು ನೋಡಿದ. ಕಿರುಬೆರಳು ಕೂಡ ಒಳಗೆ ಹಿಡಿಸಲಿಲ್ಲ.

“ಇನ್ನೂ ಹಸಿ ಇದೆ, ಮುಟ್ಟಬೇಡ ಪುಟ್ಟಿ ಅಂದೆ, ಅಪ್ಪನ ಮಾತು ಎಲ್ಲಿ ಕೇಳ್ತಾಳೆ, ಬೆರಳು ಒತ್ತೇಬಿಟ್ಟಳು,” ಎಂದ, ತಲೆಯೆತ್ತದೆ. “ಆ ವಾರವೇ ಜ್ವರ ಬಂತು, ಇಳೀಲೇ ಇಲ್ಲ.”