ನೂರಾ ಹನ್ನೆರಡು ಪರ್ಸೆಂಟ್ ತುಂಬಿದ ಡಬ್ಬ

ಡಬ್ಬ ನೂರಾ ಹನ್ನೆರಡು ಪರ್ಸೆಂಟ್ ತುಂಬಿದೆ ಎಂದು ಬೆಳಗಿನ ಮೇಲ್ ಹೇಳಿತು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಆ ಕ್ಲಿನಿಕ್ಕಿನ ರೆಕಾರ್ಡಿಂಗುಗಳೆಲ್ಲ ಮೂಲೆಯಲ್ಲಿ ಗುಂಯ್‌ಗುಡುವ ಆ ಒಂದೇ ಕರಿ ಡಬ್ಬದಲ್ಲಿದ್ದವು. ಎಲ್ಲ ರೂಮಿನ ಕಂಪ್ಯೂಟರುಗಳೂ ನೆಟ್‌ವರ್ಕಿನಲ್ಲಿ ಅದಕ್ಕೇ ತುಂಬುತ್ತಿದ್ದವು. ದೊಡ್ಡ ಡಾಕ್ಟರು ಮೇಲ್ ನೋಡಿದ್ದೇ ತಡ, ಮಧ್ಯಾಹ್ನ ಹನ್ನೆರಡರೊಳಗೆ ಹಳೆಯ ಐದು ವರ್ಷದ್ದನ್ನೆಲ್ಲ ಅಳಿಸಿ ಎಂದುಬಿಟ್ಟರು.

ಈಗ ಹನ್ನೊಂದೂ ಕಾಲು. ಮಾತಿನ ಟೀಚರು ಡಬ್ಬದ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಕಂಪ್ಯೂಟರಿನ ಮುಂದೆ ಇದ್ದವಳು ಅವರ ಸೊಸೆ. ಡಬ್ಬ ಎಷ್ಟು ತುಂಬಿದೆಯೆಂದು ದಿನಾ ಲೆಕ್ಕ ಹಾಕಿ ಮೇಲ್ ಕಳಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಬರೆದವಳೂ ಅವಳೇ, ಈಗ ಅಳಿಸಬೇಕಾದವಳೂ ಅವಳೇ.

"ಆರು ವರ್ಷ ಬಾಯಿ ಬಿಡದ ಹುಡುಗ ಮೊದಲ್ನೇ ಸಲ 'ಚಪ್ಲಿ' ಅಂದಿದ್ದು ಇದರೊಳಗಿದೆ ಕಣೆ. ಅವರಮ್ಮ ಅಳ್ತಾ ಓಡಿಹೋಗಿ ಎರಡೂ ಚಪ್ಲಿ ತಂದುಕೊಟ್ಟ ಸದ್ದೂ ಇದೆ. ಬೇರೆ ಕಡೆ ಕಾಪಿನೂ ಇಲ್ಲ. ಅಳಿಸೋದಾದ್ರೆ ಮೊದಲು ನನ್ನ ಅಳಿಸು."

"ನಿಮ್ಮನ್ನ ಅಳಿಸಿ ಸಂಜೆ ನಿಮ್ಮ ಮಗನಿಗೆ ಏನಂತ ಹೇಳ್ಲಿ ಅತ್ತೆ?"

ಟೀಚರು ಬಂದ ನಗುವನ್ನು ನುಂಗಿಕೊಂಡರು. "ಅದಿರಲಿ, ನೂರಾ ಹನ್ನೆರಡು ಅಂದ್ರೇನೇ? ಬಿಂದಿಗೆ ತುಂಬಿದ ಮೇಲೆ ನೀರು ಕಾಲ ಮೇಲೆ ಚೆಲ್ಲತ್ತೆ. ಆ ಮೇಲಿನ ಹನ್ನೆರಡು ಎಲ್ಲಿದೆ, ತೋರಿಸು ನೋಡೋಣ."

ಸೊಸೆ ಪರದೆಯ ಮೇಲಿದ್ದ ನೂರಾ ಹನ್ನೆರಡನ್ನು ಮತ್ತೆ ನೋಡಿದಳು. ಬೆಳಗ್ಗೆಯಿಂದ ಆ ಕೆಂಪು ಅಂಕಿಗೆ ಹೆದರಿದ್ದಳೇ ಹೊರತು ಅಂಥ ಅಂಕಿ ಇರಲು ಸಾಧ್ಯವೇ ಎಂದು ಯೋಚಿಸಿರಲಿಲ್ಲ. ಸ್ಕ್ರಿಪ್ಟ್ ತೆರೆದು, ಉಗುರು ಕಚ್ಚುತ್ತಾ ಸಾಲು ಸಾಲಾಗಿ ಇಳಿದಳು. ಹದಿನಾಲ್ಕನೇ ಸಾಲಿಗೆ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯೋ ಅತ್ತೆ! ನಿನ್ನೆ ಹೊಸ ರೂಮಿಂದಾನೂ ಡಬ್ಬಕ್ಕೆ ದಾರಿ ಮಾಡಿಕೊಟ್ಟೆನಲ್ಲ, ಅಲ್ಲಿ ಇದಕ್ಕೆ ಬೇರೆ ಹೆಸರಿಟ್ಟೆ. ಸ್ಕ್ರಿಪ್ಟು ಎರಡು ಹೆಸರು ನೋಡಿ ಒಳಗಿರೋದನ್ನ ಎರಡು ಸಲ ಕೂಡಿದೆ. ಡಬ್ಬ ಮಾತ್ರ ಒಂದೇ!"

"ಅಂದ್ರೆ ನನಗೆ ಮಗ, ನಿನಗೆ ಗಂಡ ಅಂತ ಒಬ್ಬನಿಗೇ ಎರಡು ತಟ್ಟೆ ಹಾಕಿದ ಹಾಗೆ."

"ಅವರು ಎರಡನ್ನೂ ಖಾಲಿ ಮಾಡ್ತಾರೆ, ಆ ಮಾತು ಬೇರೆ."

ಒಂದು ಹೆಸರು ತೆಗೆದು ಸ್ಕ್ರಿಪ್ಟನ್ನು ಮತ್ತೆ ಓಡಿಸಿದಳು. ಐವತ್ತಾರು! ಟೀಚರು ಚಪ್ಪಾಳೆ ತಟ್ಟಿದರು. ಸೊಸೆ ಮಾತ್ರ ಏಳಲಿಲ್ಲ. ಒಂದು ಕಡೆ ಎಡವಿದವಳು ಇನ್ನೊಂದು ಕಡೆ ಎಡವದೆ ಇರುತ್ತಾಳೆಯೇ? ಹುಡುಕಿದರೆ ಅದೂ ಸಿಕ್ಕಿತು. ಬೈಟುಗಳನ್ನು ಜಿಬಿಗೆ ಇಳಿಸಲು, ತುಂಬಿದ್ದನ್ನು ಅಳೆಯುವಾಗ ಮೂರು ಸಲ ಸಾವಿರದಿಂದ ಭಾಗಿಸಿದ್ದಳು, ಡಬ್ಬವನ್ನು ಅಳೆಯುವಾಗ ಮೂರು ಸಲವೂ ಸಾವಿರದ ಇಪ್ಪತ್ನಾಲ್ಕರಿಂದ.

"ಅಕ್ಕೀನ ಚಿಕ್ಕ ಸೇರಲ್ಲಿ, ಡಬ್ಬಾನ ದೊಡ್ಡ ಸೇರಲ್ಲಿ ಅಳೆದುಬಿಟ್ಟಿದ್ದೀನಿ."

"ಇನ್ಮೇಲೆ ಮನೇಲಿ ಅಕ್ಕಿ ನಾನೇ ಅಳೀತೀನಿ ಬಿಡು ತಾಯಿ."

ಅದನ್ನೂ ತಿದ್ದಿದಾಗ ಐವತ್ತೆರಡು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಸೊಸೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು. "ಡಾಕ್ಟ್ರೇ, ಏನೂ ಅಳಿಸ್ಬೇಕಾಗಿಲ್ಲ. ಹತ್ತಿರ ಹತ್ತಿರ ಅರ್ಧ ಡಬ್ಬ ಖಾಲಿ ಇದೆ. ಲೆಕ್ಕ ತಪ್ಪು ಬರೆದಿದ್ದು ನಾನೇ." ಆ ಕಡೆಯಿಂದ ಟೀಚರಿಗೂ ಕೇಳಿಸುವಷ್ಟು ದೊಡ್ಡ ನಗು.

"ಏನಂತೆ?"

"ಖಾಲಿ ಇದ್ರೆ ತುಂಬಿಸಿ, ನನ್ನ ತಲೆ ತಿನ್ಬೇಡಿ ಅಂದ್ರು."

ಟೀಚರು ಆಗಲೇ ಎದ್ದಾಗಿತ್ತು. ಹೊರಗಿನ ಬೆಂಚಿನ ಮೇಲೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಮ್ಮನಿಗೆ ಒರಗಿ ಕೂತಿದ್ದಳು. ಎರಡು ತಿಂಗಳಿಂದ ಬರುತ್ತಿದ್ದರೂ ಒಂದಕ್ಷರ ಆಡಿದವಳಲ್ಲ. ಟೀಚರು ಅವಳನ್ನು ಎತ್ತಿಕೊಂಡು ಬಂದು ಮೈಕಿನ ಮುಂದೆ ಕೂರಿಸಿದರು, ರೆಕಾರ್ಡಿಂಗಿನ ಗುಂಡಿ ಒತ್ತಿದರು.

"ಎಷ್ಟು ಹೊತ್ತು ಬೇಕಾದ್ರೂ ಸುಮ್ನಿರು ಪುಟ್ಟಿ," ಎಂದರು. "ಜಾಗ ಬೇಕಾದಷ್ಟಿದೆ."