ಸುಸ್ತಾಗದ ಅಮ್ಮ

"ನನಗೆ ಈ ಕಾದಂಬರಿ ಹಿಡಿಸಲಿಲ್ಲ," ಎಂದಳು ಹುಡುಗಿ. ಗ್ರಂಥಾಲಯದ ಓದುಕೂಟದಲ್ಲಿ ಅಲ್ಲಿಯವರೆಗೆ 'ಸೂಪರ್, ಸೂಪರ್' ಎನ್ನುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಅವಳನ್ನು ಕರೆದೊಯ್ಯಲು ಬಂದಿದ್ದ ಅಮ್ಮ, ಆಸ್ಪತ್ರೆಯ ನರ್ಸು, ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಗ್ರಂಥಾಲಯದ ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾಕೆ ಪುಟ್ಟಿ?" ಗ್ರಂಥಾಲಯದ ಮೇಡಂ ಕೇಳಿದರು.

"ಇದರಲ್ಲಿರೋ ಅಮ್ಮ ಇಡೀ ದಿನ ದುಡಿದು ಬಂದೂ ನಗ್ತಾ ಕಥೆ ಹೇಳ್ತಾಳೆ. ಒಂದ್ಸಲಾನೂ ಸುಸ್ತಾಯ್ತು ಅನ್ನಲ್ಲ. ಬರೀ ಸುಳ್ಳು. ನಮ್ಮಮ್ಮ ಬಂದವಳೇ ಸೋಫಾ ಮೇಲೆ ಬಿದ್ಕೊಂಡುಬಿಡ್ತಾಳೆ."

ಮಕ್ಕಳು ಗೊಳ್ಳೆಂದು ನಕ್ಕರು. ನರ್ಸು ನಾಚಿ ತಲೆ ತಗ್ಗಿಸಿದಳು. ಇವತ್ತಾದರೂ ಮಗಳಿಗೆ ಎರಡು ಪುಟ ಓದಿ ಹೇಳಬೇಕು ಎಂದುಕೊಂಡಳು, ಆದರೆ ನಿಂತಲ್ಲೇ ನಿದ್ದೆಗೆ ಕಣ್ಣು ಎಳೆಯುತ್ತಿತ್ತು.

"ಹಾಗಾದ್ರೆ ಕಥೆ ಹೇಗಿರಬೇಕಿತ್ತು?" ಮೇಡಂ ಮತ್ತೆ ಕೇಳಿದರು.

"ಆ ಅಮ್ಮನಿಗೂ ನಿದ್ದೆ ಬರಬೇಕಿತ್ತು," ಎಂದಳು ಹುಡುಗಿ. "ಆಗ ಮಗಳು ಮೆಲ್ಲಗೆ ಚಪ್ಪಲಿ ಬಿಚ್ಚಿ, ಹೊದಿಕೆ ಹೊದಿಸಿ, ಸದ್ದಾಗದ ಹಾಗೆ ಪಕ್ಕದಲ್ಲೇ ಕೂತು ಓದ್ಕೋಬೇಕಿತ್ತು. ನಾನು ದಿನಾ ಹಾಗೇ ಮಾಡೋದು."