ಚಿಲಕ

ಪರ್ಸಿಕಲ್ಲಿನ ನೆಲದ ಮೇಲಿನ ಒದ್ದೆ ದತ್ತುವಿನ ಕಣ್ಣಿಗೆ ಬೀಳುವ ಮೊದಲೇ ಅವನ ಹೆಂಡತಿ ಸೌಮ್ಯಾ ಕಾಲ್ಬೆರಳಿನಿಂದ ನಾಯಿಮರಿಯ ಪಂಜರದ ಚಿಲಕ ಸರಿಸಿ ಮರಿಯನ್ನು ಹೊರಬಿಟ್ಟಳು. ಅದನ್ನು ಕಂಡವಳು ಅತ್ತೆ ಶಂಕರಮ್ಮ ಒಬ್ಬಳೇ. ಅವಳು ಹಸಿಯಾದ ಸೀರೆಯನ್ನು ಮೊಣಕಾಲ ಕೆಳಗೆ ಒತ್ತಿಕೊಂಡು ಕುಂತಿದ್ದಳು.

"ಮತ್ತ ಮನ್ಯಾಗೇ ಉಚ್ಚಿ ಹೊಯ್ದದ! ನೀ ಹೇಳಿದ್ದೇ ಖರೆ ಅವ್ವಾ, ಇವತ್ತೇ ಬಶೀರಾಬಾದ್ ಸಂತ್ಯಾಗ ಬಿಟ್ಟು ಬರ್ತೀನಿ." ದತ್ತು ಮರಿಯ ಕುತ್ತಿಗೆ ಹಿಡಿದೆತ್ತಿ ಚೀಲದ ಬಾಯಿ ಅಗಲಿಸಿದ.

ಮರಿಯನ್ನು ಹೊರಗೆ ಹಾಕೆಂದು ಎಂಟು ದಿನದಿಂದ ಹಟ ಹಿಡಿದವಳು ಶಂಕರಮ್ಮನೇ. ಅದನ್ನು ತಂದು ಸಾಕಿದ ಸೌಮ್ಯಾ ಈಗ ಗಂಡನನ್ನು ತಡೆಯಲಿಲ್ಲ; ಅತ್ತೆಯ ಕಡೆ ನೋಡಲೂ ಇಲ್ಲ. ಮರಿಯ ಹಿಂಗಾಲು ಚೀಲಕ್ಕಿಳಿದವು.

"ಬಿಡು ಅದಕ್ಕ." ಶಂಕರಮ್ಮ ಗೋಡೆ ಹಿಡಿದು ಎದ್ದಳು, ಸೀರೆ ಮರೆಮಾಡಲಿಲ್ಲ. "ಅದು ಹೊರಗ ಹೋಗೂದು ಕಲತದಪ್ಪಾ. ತಡಕೊಳ್ಳಾಕ ಆಗದ್ದು ನನಗ."